ಕರಿ ಹರಿದ ಕ್ವಾಡ್

ಕೊಟ್ರೇಶನ ಸಂಸಾರ ಕೆಟ್ಟದ್ದು ನಾಲ್ಕು ಗಾಲಿಯ ಒಂದು ಮೋಟಾರಿನಿಂದ. ಕಾರೂ ಅಲ್ಲದ, ಬೈಕೂ ಅಲ್ಲದ ಆ ಕ್ವಾಡ್ ಬೈಕನ್ನು ಅವನು ಗೋವಾ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ. ಡಂಬಳದ ಗುಡಿ ನೋಡಲು ಬರುವವರನ್ನು ಅದರ ಮೇಲೆ ಕೂರಿಸಿ ಕೆರೆಯ ದಂಡೆಗುಂಟ ಸುತ್ತಾಡಿಸುವುದು ಅವನ ಯೋಜನೆ. ಬಂದವರು ಗುಡಿ ನೋಡಿದರು, ಫೋಟೊ ತೆಗೆದುಕೊಂಡರು, ಹೋದರು. ಗಾಡಿಗಾಗಿ ಅವನು ಮಾರಿದ್ದು ಹೆಂಡತಿ ಕಾಂಚನಾ ತವರಿನಿಂದ ತಂದಿದ್ದ ಎಮ್ಮೆಯನ್ನು. ಅದೂ ಆಕೆಯನ್ನು ಕೇಳದೆ.

"ಈ ಮನ್ಯಾಗ ಅದರ ಇರಬೇಕು, ನಾನರ ಇರಬೇಕು," ಎಂದು ಹೇಳಿ ಕಾಂಚನಾ ಲಕ್ಷ್ಮೇಶ್ವರದ ತವರುಮನೆ ಸೇರಿದಳು. ಬೇಸಿಗೆಯೆಲ್ಲ ಕೊಟ್ರೇಶ ತಾನೇ ರೊಟ್ಟಿ ಬಡಿದು ತಾನೇ ತಿಂದ. ಅವು ರೊಟ್ಟಿಗಳೆಂದು ಅವನೊಬ್ಬನಿಗೇ ಗೊತ್ತಾಗುತ್ತಿತ್ತು. ಮನೆ ಬಿಕೋ ಎನ್ನುತ್ತಿತ್ತು. ಓಣಿಯವರು ನಗುತ್ತಿದ್ದರು, ಆದರೆ ಅವನಿಗೆ ಹೆಂಡತಿ ಬೇಕಾಗಿದ್ದಳು, ಆಕೆಯ ಬೈಗುಳವೂ ಬೇಕಾಗಿತ್ತು.

ಕೊನೆಗೂ ಒಬ್ಬ ಗಿರಾಕಿ ಸಿಕ್ಕ. ಡೋಣಿಯ ಹತ್ತಿರ ಗುಡ್ಡದ ಬುಡದಲ್ಲಿ ರೆಸಾರ್ಟ್ ಕಟ್ಟುತ್ತಿದ್ದ ಸಿದ್ದಾರೂಢ. ಅವನದು ಒಂದೇ ಕರಾರು: ಗಾಡಿ ಇಬ್ಬರನ್ನು ಹೊತ್ತು ಗುಡ್ಡ ಹತ್ತಬೇಕು. ಕೊಟ್ರೇಶನ ಗಾಡಿಯೋ ಕೆರೆಯ ಏರಿ ಹತ್ತುವಾಗಲೇ ದಮ್ಮಿನ ಮುದುಕನಂತೆ ಕೆಮ್ಮುತ್ತಿತ್ತು. ಕಾರಹುಣ್ಣಿಮೆಯ ಸಂಜೆ ಊರ ಹೆಬ್ಬಾಗಿಲಾದ ಅಗಸಿಯ ಹೊರಗೆ ಟೆಂಪೊ ತಂದು ಕಾಯುತ್ತೇನೆ, ಏರಿಸಿಕೊಂಡು ಹೋಗಿ ಗುಡ್ಡ ಹತ್ತಿಸಿ ನೋಡೋಣ ಎಂದು ಸಿದ್ದಾರೂಢ ಹೇಳಿದ. ಕೊಟ್ರೇಶ ಆಗಲೇ ಹೆಂಡತಿಗೆ ಫೋನ್ ಹಚ್ಚಿದ.

"ಗಾಡಿ ಹೊಂಟೈತಿ ನೋಡು. ಹುಣ್ಣಿವಿ ದಿನ ಸಂಜಿ ಬಸ್ಸಿಗೆ ಬಂದುಬಿಡು."

"ಹೋಗಿದ್ದು ಕಣ್ಲೆ ನೋಡಿದ್ರ ಖರೆ," ಎಂದಳು ಕಾಂಚನಾ.

ಹುಣ್ಣಿಮೆಯ ದಿನ ಮೆಕ್ಯಾನಿಕ್ ಉಡಚಪ್ಪ ಗದಗಿನಿಂದ ತರಿಸಿದ ಹೊಸ ಕಾರ್ಬ್ಯುರೇಟರ್ ಹಿಡಿದು ಬಂದ. ಹಳೆಯದಕ್ಕಿಂತ ಅದರ ಬಾಯಿ ದೊಡ್ಡದಿತ್ತು.

"ಎಂಜಿನ್ ಗಟ್ಟಿನ ಐತಿ. ಪೆಟ್ರೋಲು, ಗಾಳಿ ಸಾಲವಲ್ದು, ಅಷ್ಟ. ಇದನ್ನ ಕುಂಡ್ರಿಸಿದ್ರ ಗುಡ್ಡ ಏನು, ಮುಗಲಿಗೆ ಹತ್ತತೈತಿ," ಎಂದ.

ಹಬ್ಬದ ದಿನ. ಎತ್ತಿನ ಮೈ ತೊಳೆದು ಬಂದವರಿಗೆಲ್ಲ ಬಿಡುವು. ಪಕ್ಕದ ಮನೆಯ ಹಿರಿಯ ಮುದಕಪ್ಪಜ್ಜ ಕಟ್ಟೆಯ ಮೇಲೆ ಕೂತು, ಹುಟ್ಟಿದಾಗಿನಿಂದ ಕಾರ್ಬ್ಯುರೇಟರ್ ಬಿಚ್ಚುತ್ತ ಬಂದವನಂತೆ, "ಆ ಸ್ಕ್ರೂ ಒಂದೀಟು ಬಿಗಿ ಮಾಡು," ಎಂದ. ಇನ್ನೊಬ್ಬ ಸಡಿಲು ಮಾಡು ಎಂದ. ಹೋಗುವವರು ಬರುವವರೆಲ್ಲ ಅದನ್ನು ಒಂದೊಂದು ಸುತ್ತು ತಿರುವಿದರು. ಮಧ್ಯಾಹ್ನ ಗಾಡಿ ಶುರುವಾಗಲೇ ಇಲ್ಲ. ಹೊತ್ತು ಇಳಿಯುವಾಗ ಶುರುವಾಯಿತು, ಆ ಸದ್ದಿಗೆ ಓಣಿಯ ನಾಯಿಗಳೆಲ್ಲ ಕೆರೆಯ ಕಡೆ ಓಡಿದವು. ಹಳೆಯ ಎಕ್ಸಿಲೇಟರ್ ವೈರು ಹೊಸ ಕಾರ್ಬ್ಯುರೇಟರಿಗೆ ಗಿಡ್ಡವಾಗಿತ್ತು. ಉಡಚಪ್ಪ ಅದನ್ನು ಎಳೆದು ಹೇಗೋ ಸಿಕ್ಕಿಸಿದ.

"ಜಗ್ಗಿದ್ರ ಬರತೈತಿ ನೋಡು."

"ಬಿಟ್ರ ಹೊಳ್ಳಿ ಹೋಗತೈತೇನೋ?" ಕೊಟ್ರೇಶ ಕೇಳಿದ.

"ಹೋಗತೈತಿ. ಹೋಗದ ಏನ್ ಮಾಡತೈತಿ!"

ಅಷ್ಟರಲ್ಲಿ ಅಗಸಿಗೆ ಅಡ್ಡವಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟಿಯಾಗಿತ್ತು. ಅದೇ ಕರಿ. ಓಡಿಬರುವ ಎತ್ತುಗಳಲ್ಲಿ ಬಿಳಿಯದು ಅದನ್ನು ಮೊದಲು ಹರಿದರೆ ಹಿಂಗಾರಿ ಬೆಳೆ ಚೆನ್ನ, ಕಂದು ಬಣ್ಣದ್ದು ಹರಿದರೆ ಮುಂಗಾರಿ ಚೆನ್ನ ಎಂದು ಊರವರ ಎಣಿಕೆ. ಎತ್ತು ಬಿಡುವ ಮೊದಲೇ ಕೈಮುಗಿದು ಕೇಳಿಕೊಂಡು ಹಗ್ಗದ ಕೆಳಗೆ ನುಸುಳಿ ಹೋದರಾಯಿತು ಎಂದುಕೊಂಡು ಕೊಟ್ರೇಶ ಎಕ್ಸಿಲೇಟರ್ ಜಗ್ಗಿದ. ಅದು ಬಂತು. ಬಿಟ್ಟ. ಅದು ಹೊಳ್ಳಿ ಹೋಗಲಿಲ್ಲ, ಜಗ್ಗಿದಲ್ಲೇ ನಿಂತಿತು.

ಮುಂದಿನದು ಅವನ ಕೈಯಲ್ಲಿ ಉಳಿಯಲಿಲ್ಲ. ಬ್ರೇಕು ಹೆಸರಿಗಷ್ಟೇ ಇತ್ತು. ಚಾವಿ ಎಂದೋ ಕಳೆದು, ಎರಡು ವೈರು ಜೋಡಿಸಿ ಶುರು ಮಾಡುವ ಗಾಡಿ ಅದು. "ಹಾದಿ ಬಿಡ್ರೋ, ನಿಮ್ಮ ಕಾಲಿಗೆ ಬೀಳ್ತೀನಿ!" ಎಂದು ಚೀರುತ್ತ ಕೊಟ್ರೇಶ ಸಾಗಿದ. ಜನ ಕಟ್ಟೆ ಹತ್ತಿದರು, ಸಿಂಗರಿಸಿಕೊಂಡು ನಿಂತಿದ್ದ ಎತ್ತುಗಳು ಹಗ್ಗ ಕಿತ್ತುಕೊಂಡು ಹಿಂದಕ್ಕೆ ಓಡಿದವು. ಗಾಡಿ ಕರಿ ಹರಿದು, ಬೇವಿನ ಸೊಪ್ಪನ್ನು ಕೊರಳಿಗೆ ಹಾಕಿಕೊಂಡು, ಅಗಸಿಯಾಚೆಯ ತಿಪ್ಪೆಗೆ ನುಗ್ಗಿ ಸುಮ್ಮನಾಯಿತು.

"ಏನ್ ಪಿಕಪ್ ಐತ್ರಿ ಇದು! ಗುಡ್ಡ ಹತ್ತಿಸಿ ನೋಡೂದ ಬ್ಯಾಡ, ಏರಸ್ರಿ ಟೆಂಪೊಕ್ಕ," ಎಂದ ಸಿದ್ದಾರೂಢ.

ಕೊಟ್ರೇಶನಿಗೆ ಖುಷಿಗೆ ಅಳುವೇ ಬಂತು. ಕಾಂಚನಾ ಬರುತ್ತಾಳೆ, ಗಾಡಿ ಇರುವುದಿಲ್ಲ. ಅಷ್ಟರಲ್ಲಿ ಮುದಕಪ್ಪಜ್ಜ ಇಡೀ ಊರನ್ನು ಬೆನ್ನಿಗೆ ಹಚ್ಚಿಕೊಂಡು ಬಂದ. ಇನ್ನು ಹೊಡೆತ ಬೀಳುತ್ತವೆಂದು ಕೊಟ್ರೇಶ ತಲೆಯ ಮೇಲೆ ಕೈಯಿಟ್ಟುಕೊಂಡ. ಮುದಕಪ್ಪಜ್ಜ ಗಾಡಿಗೆ ಮೆತ್ತಿದ್ದ ಗೊಬ್ಬರವನ್ನು ಟವೆಲ್ಲಿನಿಂದ ಒರೆಸಿದ. ಕೆಳಗೆ ಗಿಳಿಬಣ್ಣ ಕಂಡಿತು.

"ಬಿಳೇದೂ ಅಲ್ಲ, ಕಂದೂ ಅಲ್ಲ. ಇದು ಹೆಸರಕಾಳಿನ ಬಣ್ಣ. ಈ ವರ್ಷ ಎಲ್ಲಾರೂ ಹೆಸರ ಬಿತ್ರಿ!" ಎಂದ. ಊರು ಹೋ ಎಂದಿತು. "ಇನ್ನೊಂದು ಕೇಳ್ರಿ. ಕರಿ ಹರಿದ ಎತ್ತು, ಬೆಳಿ ಮನಿಗೆ ಬರೂತನಕ ಊರು ಬಿಡಬಾರದು."

ಇಂಥ ಪದ್ಧತಿಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲರೂ ಹೌದು ಹೌದು ಎಂದರು.

"ಅಜ್ಜಾ, ಇದು ಎತ್ತಲ್ಲೋ!" ಕೊಟ್ರೇಶ ಅಂಗಲಾಚಿದ.

"ಕರಿ ಹರಿದಿದ್ದು ಖರೆ ಐತಿಲ್ಲೋ?"

ಸಿದ್ದಾರೂಢ ಗಾಡಿಗೆ ನಮಸ್ಕಾರ ಮಾಡಿ, ಊರಿನ ಬೆಳೆಯ ಉಸಾಬರಿ ತನಗೆ ಬೇಡವೆಂದು ಖಾಲಿ ಟೆಂಪೊ ತಿರುಗಿಸಿಕೊಂಡು ಹೋದ. ಆಗಲೇ ಬಸ್ಸು ಬಂತು.

ಕಾಂಚನಾ ಇಳಿದಾಗ ಹೆಂಗಸರು ಗಾಡಿಯ ಹ್ಯಾಂಡಲ್ಲಿಗೆ ಕುಂಕುಮ ಹಚ್ಚುತ್ತಿದ್ದರು. ನಡೆದದ್ದನ್ನು ಊರೆಲ್ಲ ಒಟ್ಟಿಗೇ ಹೇಳಿತು. ಆಕೆ ಬಸ್ಸಿನ ಕಡೆ ತಿರುಗಿದಳು. ಮುದಕಪ್ಪಜ್ಜ ಅಡ್ಡ ನಿಂತ.

"ತಂಗೀ, ಎತ್ತಿನ ಒಡತಿ ಊರು ಬಿಟ್ರ ಬೆಳಿ ಕೈಗೆ ಹತ್ತಂಗಿಲ್ಲವ್ವ. ಹೋಗಬ್ಯಾಡ."

ಕೊಟ್ರೇಶನಿಗೆ ಹೋದ ಜೀವ ಬಂದಂತಾಯಿತು. ಅಜ್ಜನ ಕಾಲಿಗೆ ಬೀಳಬೇಕೆನ್ನಿಸಿತು. ಕಾಂಚನಾ ಚೀಲ ಕೆಳಗಿಟ್ಟಳು.

"ಆತು. ಅದೂ ಹೋಗೂದು ಬ್ಯಾಡ, ನಾನೂ ಹೋಗಂಗಿಲ್ಲ," ಎಂದು ಗಂಡನ ಕಡೆ ನೋಡಿದಳು. "ಆದ್ರ ಅದನ್ನ ಮನಿಗೆ ತಂದಾವ್ರ ಮಾರಿ ದಿನಾ ನೋಡಾಕ ನನಗ ಆಗಂಗಿಲ್ಲ. ನಮ್ಮವ್ವಗ ಮಣಕಾಲ ಬ್ಯಾನಿ, ನೀರು ತುಂಬಾಕ ಒಬ್ರು ಬೇಕಾಗ್ಯಾರ. ಈ ಬಸ್ಸ ಹೊಳ್ಳಿ ಲಕ್ಷ್ಮೇಶ್ವರಕ್ಕ ಹೋಗತೈತಿ, ಹತ್ರಿ. ಹೆಸರ ಮನಿಗೆ ಬಂದಮ್ಯಾಲ ಬರ್ರಿ."

ಕೊಟ್ರೇಶ ಗಾಬರಿಯಾಗಿ ಮುದಕಪ್ಪಜ್ಜನ ಕೈ ಹಿಡಿದುಕೊಂಡ. "ಅಜ್ಜಾ, ಎತ್ತಿನ ಒಡಿಯಾನೂ ಊರು ಬಿಡಬಾರದಲ್ಲೇನು? ಹೇಳೋ!"

ಮುದಕಪ್ಪಜ್ಜ ಕಣ್ಣು ಮುಚ್ಚಿ, ಹಿಂದಿನವರು ಹೇಳಿದ್ದನ್ನೆಲ್ಲ ನೆನಪು ಮಾಡಿಕೊಳ್ಳುವವನಂತೆ ಬಹಳ ಹೊತ್ತು ನಿಂತ.

"ಇಲ್ಲಪ, ಒಡಿಯಾಂದು ಏನೂ ಹೇಳಿಲ್ಲ. ನೀ ಹೋಗಬಹುದು," ಎಂದ.