ಸರ್ವರಿನ ಭಾರವೂ ಹಸಿರು ಕಾಗೆಯೂ

ಯಂತ್ರದ ಕಷ್ಟ ಅರ್ಥವಾಗುವುದು ಪುಣ್ಯವಂತರಿಗೆ ಮಾತ್ರ ಎಂದು ನಾನು ಬಹುಕಾಲ ನಂಬಿದ್ದೆ. ಬೆಟಗೇರಿಯಲ್ಲಿ ಅಂಥ ಪುಣ್ಯವಂತ ನಾನೊಬ್ಬನೇ ಎಂದೂ ನಂಬಿದ್ದೆ. ಈ ಎರಡನೆಯ ನಂಬಿಕೆಯನ್ನು ನನ್ನ ಹೆಂಡತಿ ಗಿರಿಜಾ ಯಾವತ್ತೂ ಒಪ್ಪಿರಲಿಲ್ಲ. ಈಗ ನಾನೂ ಒಪ್ಪುವುದಿಲ್ಲ.

ನಾನು ಗದಗಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಮಾಸ್ತರ. ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿ. ನಮ್ಮ ಓಣಿಯ ಮಗ್ಗಗಳು ಈಗ ಸುಧಾರಿಸಿವೆ. ಮಗ್ಗದ ತಲೆಯ ಮೇಲೆ ಕೂತ ಜಕಾರ್ಡ್ ಪೆಟ್ಟಿಗೆ, ಸೀರೆಯ ಅಂಚಿನ ಚಿತ್ರವನ್ನು ಒಂದು ಪುಟ್ಟ ಕಂಪ್ಯೂಟರಿನಿಂದ ಓದಿಕೊಂಡು, ಯಾವ ಎಳೆ ಏಳಬೇಕು, ಯಾವುದು ಮಲಗಬೇಕು ಎಂದು ತಾನೇ ನಿರ್ಧರಿಸುತ್ತದೆ. ಮೊದಲು ಈ ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮನೆಯಿಂದ ಮನೆಗೆ ಓಡಾಡುತ್ತಿದ್ದರು. ಒಬ್ಬರ ನವಿಲು ಇನ್ನೊಬ್ಬರ ಮಗ್ಗಕ್ಕೆ ಹೋಗಿ, ಅವರ ಮಾವಿನಕಾಯಿ ಇವರ ಸೀರೆಗೆ ಬಂದು, ದಿನಾ ಜಗಳ. ಆಗ ನಾನು ಜನಹಿತಾರ್ಥವಾಗಿ ಮಧ್ಯಪ್ರವೇಶ ಮಾಡಿದೆ. ಯಾರೂ ಕರೆದಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರನ್ನು ಸರ್ವರ್ ಮಾಡಿ, ಅದರಲ್ಲಿ ವರ್ಷನ್ ಕಂಟ್ರೋಲ್ ಎಂಬ ವ್ಯವಸ್ಥೆಯನ್ನು ಸ್ಥಾಪಿಸಿದೆ. ಯಾರು ಯಾವ ಚಿತ್ರದಲ್ಲಿ ಏನು ತಿದ್ದಿದರು, ತಿದ್ದುವ ಮೊದಲು ಅದು ಹೇಗಿತ್ತು ಎಂಬುದನ್ನೆಲ್ಲ ಒಂದೂ ಬಿಡದೆ ನೆನಪಿಟ್ಟುಕೊಳ್ಳುವ ವ್ಯವಸ್ಥೆ ಅದು. ಮರೆವು ಎಂಬುದೇ ಅದಕ್ಕಿಲ್ಲ. ಇಂಥದೊಂದು ವ್ಯವಸ್ಥೆ ಮದುವೆಯಾದಂದಿನಿಂದಲೇ ನಮ್ಮ ಮನೆಯಲ್ಲಿತ್ತು, ನನಗೆ ಅದರ ತಾಂತ್ರಿಕ ಹೆಸರು ತಿಳಿದಿರಲಿಲ್ಲ ಅಷ್ಟೆ!

ಎಲ್ಲ ಸರಿ ಹೋಗುತ್ತಿತ್ತು, ಕರೆಂಟ್ ಒಂದು ಸರಿಯಾಗಿ ಇದ್ದಿದ್ದರೆ. ಕರೆಂಟ್ ಹೋದರೆ ಮಗ್ಗದ ಪುಟ್ಟ ಕಂಪ್ಯೂಟರುಗಳಿಗೆ ಎಲ್ಲವೂ ಮರೆತುಹೋಗುತ್ತದೆ. ಮತ್ತೆ ಬಂದ ಕೂಡಲೇ ಓಣಿಯ ಅಷ್ಟೂ ಮಗ್ಗಗಳು ಒಮ್ಮೆಗೇ ನಮ್ಮ ಸರ್ವರಿನ ಕಡೆ ಕೈ ಚಾಚಿ, ಮೊದಲಿನಿಂದ ಕೊನೆಯವರೆಗೆ ಎಲ್ಲ ಕೊಡು ಎನ್ನುತ್ತವೆ. ಸರ್ವರು ಹಳೆಯದೆಲ್ಲ ತೋಡಿ, ಜೋಡಿಸಿ, ಗಂಟು ಕಟ್ಟಿ ಒಬ್ಬರಿಗೆ ಕೊಡುತ್ತದೆ. ಎರಡನೆಯವರಿಗೆ ಮತ್ತೆ ಮೊದಲಿನಿಂದ ತೋಡುತ್ತದೆ. ಅಡುಗೆಮನೆಯ ಮಾಡದಲ್ಲಿ, ಜೋಳದ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ಅದರ ವಾಸ. ಕರೆಂಟ್ ಬಂದಾಗ ಅದು ಕೂಗುವ ಕೂಗಿಗೆ ಡಬ್ಬಿಯ ಮುಚ್ಚಳ ಕುಣಿಯುತ್ತಿತ್ತು.

"ಏನ್ರೀ, ಈ ಪೆಟ್ಟಿಗಿ ಮತ್ತ ಒದರಾಕ ಹತ್ತೈತಿ ನೋಡ್ರಿ! ಗಿರಣಿ ಹಾಕೀರೋ ಏನ್ ಸರ್ವರ್ ಹಾಕೀರೋ?" ಎಂದು ಗಿರಿಜಾ ಕೇಳುತ್ತಿದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ಇಮಾಮಸಾಬ ಹಾಜರು. ಮಗ್ಗದ ಕೆಲಸದಲ್ಲಿ ಓಣಿಗೇ ಹಿರಿಯ, ಬಾಯಿಯ ಕೆಲಸದಲ್ಲಿ ಬೆಟಗೇರಿಗೇ ಹಿರಿಯ. "ಮಾಸ್ತರ್ರ, ಮಗ್ಗ ಕುಂತಾವ್ರಿ. ನಿಮ್ ಸರ್ವರ್‌ಗೆ ಒಂಚೂರು ಚಾ ಕುಡಸ್ರಿ, ಎಬ್ಬಸ್ರಿ!"

ಇದನ್ನು ಹೇಗೋ ಸಹಿಸಿಕೊಂಡು ಹೋಗಬಹುದಿತ್ತು. ಆದರೆ ಅದೇ ಸಮಯಕ್ಕೆ ಮುಂಡರಗಿಯಲ್ಲಿ ಗಿರಿಜಾಳ ಅಕ್ಕ ನೀಲಕ್ಕನ ಮಗಳ ಮದುವೆ ನಿಶ್ಚಯವಾಯಿತು. ಮದುವೆಯೆಂದ ಮೇಲೆ ಆಯೇರಿ ಇರಲೇಬೇಕು. ಬೀಗರಿಗೆ, ಅತ್ತೆಯಂದಿರಿಗೆ, ಚಿಗವ್ವಂದಿರಿಗೆ ಬಟ್ಟೆ ಕೊಟ್ಟು ಮರ್ಯಾದೆ ಮಾಡುವ ಪದ್ಧತಿ. ಎಲ್ಲ ಹೆಂಗಸರಿಗೂ ಒಂದೇ ಅಂಚಿನ ಸೀರೆ ಬೆಟಗೇರಿಯಿಂದಲೇ ಬರಲಿ ಎಂದು ನೀಲಕ್ಕ ಬಯಸಿದರು. ಗಿರಿಜಾ ತವರಿನವರೆಲ್ಲರ ಮುಂದೆ ಎದೆ ತಟ್ಟಿ ಹೇಳಿಬಿಟ್ಟಳು: "ಅದರ ಚಿಂತಿ ಬಿಡ್ರಿ. ನಮ್ಮನಿಯವರು ಚಿತ್ರಾ ಬರೀತಾರ, ನಮ್ ಓಣ್ಯಾಗ ನೇಸ್ತೀವಿ."

ಅವಳು ತವರಿನಲ್ಲಿ ನನ್ನನ್ನು ಹೊಗಳಿದ್ದು ಅದೇ ಮೊದಲು. ಆ ಮಾತು ಉಳಿಸುವುದು ನನ್ನ ಹೊಣೆ ಎನಿಸಿ ನಿಜವಾಗಿಯೂ ಎದೆ ತುಂಬಿ ಬಂತು. ಎದೆ ತುಂಬಿದಾಗ ನನ್ನ ತಲೆ ಕೆಲಸ ಮಾಡುವುದಿಲ್ಲ ಎಂಬ ವಿಷಯ ಆಗ ನೆನಪಾಗಲಿಲ್ಲ.

ಅಂಚಿಗೆ ಸಾಲು ಗಿಳಿಗಳನ್ನು ಬರೆದೆ. ಬರೆದು ಸರ್ವರಿಗೆ ಸೇರಿಸಿದೆ. ಇನ್ನು ಉಳಿದದ್ದು ಸರ್ವರಿನ ಭಾರ ಇಳಿಸುವುದು. ಮದುವೆ ಹತ್ತಿರ ಬಂದಾಗ ಮಗ್ಗ ಕೂತರೆ ಹೇಗೆ? ಉಪಾಯ ಹೊಳೆದದ್ದು ಊಟಕ್ಕೆ ಕೂತಾಗ. ಎದುರಿಗೆ ಖಡಕ್ ರೊಟ್ಟಿಯ ರಾಶಿ ಇತ್ತು.

"ಗಿರಿಜಾ! ಮಂದಿ ಬಂದಾಗೆಲ್ಲ ಹಿಟ್ಟು ನಾದಿ ಬಿಸಿ ರೊಟ್ಟಿ ಬಡೀತಿ ಏನು?"

"ಹುಚ್ಚ ಹಿಡದೈತೇನು? ಒಮ್ಮೆ ಬಡದು ಒಣಗಿಸಿ ಇಟ್ಟಿರ್ತೀನಲ್ಲ. ಬಂದವ್ರಿಗೆ ತಗದು ಕೊಡೂದು."

"ಅದ! ಸರ್ವರಿಗೂ ಅದ ಮಾಡೂದು! ಎಲ್ಲಾ ಒಮ್ಮೆ ಗಂಟು ಕಟ್ಟಿ ಒಂದು ಫೈಲ್ ಮಾಡಿ ಇಟ್ರ, ಯಾರು ಕೇಳಿದ್ರೂ ಅದನ್ನ ಕೊಡೂದು. ತೋಡೂದಿಲ್ಲ, ಜೋಡ್ಸೂದಿಲ್ಲ!"

ಗಿರಿಜಾ ಸೌಟು ಹಿಡಿದುಕೊಂಡು ಒಂದು ಕ್ಷಣ ಯೋಚಿಸಿದಳು. "ರೊಟ್ಟಿ ಹಂಗ ಇಡಬಹುದು, ಖರೆ. ಆದ್ರ ಪಲ್ಯಾ? ಪಲ್ಯಾ ಅವತ್ತಿಂದ ಅವತ್ತ ಮಾಡಬೇಕಲ್ರೀ."

ನಾನು ನಕ್ಕೆ. ತಾಂತ್ರಿಕ ವಿಷಯದಲ್ಲಿ ಪಲ್ಯ ತರುತ್ತಾಳಲ್ಲ ಎಂದು ಉದಾರವಾಗಿ ನಕ್ಕೆ. ಓದುಗ ಮಹಾಶಯರು ಆ ನಗುವನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಅವತ್ತೇ ಫೈಲ್ ಸಿದ್ಧ ಮಾಡಿ, ಸರ್ವರಿನಿಂದ ಹೊರಗೆ, ಇಂಟರ್ನೆಟ್ಟಿನ ಒಂದು ಬಾಡಿಗೆ ಜಾಗದಲ್ಲಿ ಇಟ್ಟೆ. ಮಗ್ಗಗಳು ಮೊದಲು ಆ ಸಿದ್ಧ ಫೈಲನ್ನು ಎತ್ತಿಕೊಳ್ಳುತ್ತವೆ. ಆಮೇಲೆ, ಫೈಲ್ ಮಾಡಿದ ನಂತರ ಏನಾದರೂ ತಿದ್ದುಪಡಿ ಆಗಿದ್ದರೆ ಅದಿಷ್ಟನ್ನು ಮಾತ್ರ ಸರ್ವರಿನಿಂದ ಕೇಳಿ ಪಡೆಯುತ್ತವೆ. ಮರುದಿನ ಕರೆಂಟ್ ಹೋಗಿ ಬಂತು. ಡಬ್ಬಿಯ ಮುಚ್ಚಳ ಅಲುಗಲಿಲ್ಲ! ಮಗ್ಗಗಳು ತಕ್ಷಣ ಲಟಪಟ ಎಂದವು. ಇಮಾಮಸಾಬ ಬಾಗಿಲಿಗೆ ಬಂದು ಎರಡೂ ಕೈ ಎತ್ತಿ, "ಮಾಸ್ತರ್ರ, ಭಾರಿ ಮಾಡೀರಿ ಬಿಡ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಸಾರಿದ.

ಇಷ್ಟಕ್ಕೆ ನಿಲ್ಲಿಸಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಮಗ್ಗಗಳಿಗೆ ಇನ್ನೂ ನೂಲು ಜೋಡಿಸುತ್ತಿದ್ದರು, ನೇಯ್ಗೆ ಆರಂಭವಾಗಿರಲಿಲ್ಲ. ನೀಲಕ್ಕ ಫೋನಿನಲ್ಲಿ ಚಿತ್ರ ನೋಡಿದರು. ಬಹಳ ಹೊತ್ತು ನೋಡಿದರು.

"ಮಾಸ್ತರ್ರ, ಚಿತ್ರಾ ಚೆಂದ ಐತ್ರಿ. ಆದ್ರ ಮದುವಿ ಸೀರಿಗೆ ಕಾಗಿ ಯಾಕ್ರೀ?"

"ಅಕ್ಕಾರ, ಅದು ಗಿಳಿ!"

"ಚುಂಚು ನೆಟ್ಟಗ ಐತಲ್ರೀ?"

ಗಿರಿಜಾ ನನ್ನ ಕೈಯಿಂದ ಮೌಸ್ ಕಸಿದುಕೊಂಡಳು. ಚುಂಚನ್ನು ಬಾಗಿಸಿದಳು, ಬಾಲವನ್ನು ಉದ್ದ ಮಾಡಿದಳು, ಕೊರಳಿಗೊಂದು ಸರ ಹಾಕಿದಳು. ಕಾಗೆ ಕಣ್ಣೆದುರಿಗೇ ಗಿಳಿಯಾಯಿತು. ತಿದ್ದಿದ್ದನ್ನು ಅವಳೇ ಸರ್ವರಿಗೆ ಸೇರಿಸಿ, "ಎಲ್ಲಾ ಮಗ್ಗಕ್ಕ ಹೋಗತೈತೆಲ್ಲ?" ಎಂದು ಕೇಳಿದಳು.

"ಸರ್ವರಿಗೆ ಹೋತಂದ್ರ ಊರಿಗೆಲ್ಲ ಹೋದಂಗ" ಎಂದೆ ನಾನು. ಅವಳು ನಂಬಿದಳು. ನನ್ನನ್ನು ನಂಬುವ ಚಟ ಅವಳಿಗೆ ಇರಲಿಲ್ಲ, ಅದೊಂದು ದಿನ ನಂಬಿದಳು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಸರ್ವರಿನ ಭಾರ, ಅಂದರೆ ಲೋಡ್, ಎಷ್ಟೆಂದು ನೋಡಿದೆ. ಬಹಳ ಇಳಿದಿತ್ತು. ಆದರೆ ಸೊನ್ನೆ ಆಗಿರಲಿಲ್ಲ. ಮಗ್ಗಗಳು ಸಿದ್ಧ ಫೈಲ್ ಎತ್ತಿಕೊಂಡ ಮೇಲೆ, ಹೊಸದೇನಾದರೂ ಇದೆಯೇ ಎಂದು ಒಮ್ಮೆ ಇಣುಕುತ್ತಿದ್ದವಲ್ಲ, ಆ ಇಣುಕಿನ ಭಾರ. ನನಗೆ ಸಿಟ್ಟು ಬಂತು. ಊಟ ಕೊಟ್ಟ ಮೇಲೂ ಅಡುಗೆಮನೆಗೆ ಯಾಕೆ ಇಣುಕಬೇಕು? ಶಿಸ್ತು ಬೇಡವೇ? ಸಂಬಂಧಪಟ್ಟ ಯಾರ ಗಮನಕ್ಕೂ ತಾರದೆ, ಮಾನ್ಯ ನಾನು, ಆ ಬಾಗಿಲನ್ನು ಮುಚ್ಚಿಬಿಟ್ಟೆ.

ಮಧ್ಯಾಹ್ನ ಮತ್ತೆ ಕರೆಂಟ್ ಹೋಗಿ ಬಂದಾಗ ನೋಡಿದರೆ, ಲೋಡ್ ಸೊನ್ನೆ!

ಸೊನ್ನೆ ಎಂದರೆ ಅಪ್ಪಟ ಸೊನ್ನೆ. ಅದರ ಫೋಟೋ ತೆಗೆದು ನನ್ನ ಕ್ಲಾಸಿನ ಗೋಡೆಗೆ ಅಂಟಿಸಿದೆ. ಓಣಿಯ ಚಹಾದಂಗಡಿಯಲ್ಲಿ ಸರ್ವರ್ ನಿರ್ವಹಣೆಯ ಕುರಿತು ಒಂದು ಉಪನ್ಯಾಸ ಮಾಡಿದೆ. ಚಹಾ ಕೊಡಿಸುತ್ತೇನೆಂದು ಹೇಳಿದ್ದರಿಂದ ಜನ ಕೊನೆಯವರೆಗೂ ಕೂತಿದ್ದರು.

ಇತ್ತ ನೇಯ್ಗೆ ಭರದಿಂದ ಸಾಗಿತ್ತು. ಇಂಥ ಸೀರೆಯ ಒಳಮೈ ಮಗ್ಗದ ಮೇಲೆ ಕಾಣುತ್ತದೆ, ಹೊರಮೈ ಕೆಳಗಿರುತ್ತದೆ. ಬರೀ ಎಳೆಗಳ ಗೋಜಲು ನೋಡಿ ನಾನು ತಲೆದೂಗಿ ಬರುತ್ತಿದ್ದೆ. ಇಮಾಮಸಾಬ ಮಾತ್ರ ಮಗ್ಗದ ಕೆಳಗೆ ಕನ್ನಡಿ ಹಿಡಿದು ನೋಡಿ, "ಹಕ್ಕಿ ಭಾರಿ ಬಂದೈತ್ರಿ, ಮಾಸ್ತರ್ರ! ಈಗ ಹಾರತೈತಿ ನೋಡ್ರಿ!" ಎಂದ. ನನಗೆ ಆನಂದದಿಂದ ಕಣ್ಣೇ ಕಾಣಲಿಲ್ಲ. ಕನ್ನಡಿಯಲ್ಲಿ ನಾನೂ ಬಗ್ಗಿ ನೋಡಬೇಕು ಎಂದು ಆಗ ಯಾವ ದೇವರೂ ಬುದ್ಧಿ ಕೊಡಲಿಲ್ಲ.

ಸೀರೆಗಳು ಮಡಿಕೆಯಾಗಿ, ಗಂಟಾಗಿ ನಮ್ಮೊಂದಿಗೆ ಮುಂಡರಗಿ ಬಸ್ಸು ಹತ್ತಿದವು. ಗಿರಿಜಾ ದಾರಿಯುದ್ದಕ್ಕೂ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನೀಲಕ್ಕನ ಮನೆಯ ಪಡಸಾಲೆಯಲ್ಲಿ ಹೆಂಗಸರು ನೆರೆದಿದ್ದರು. ಶಿರಹಟ್ಟಿಯ ಚಿಗವ್ವಂದಿರು, ಲಕ್ಷ್ಮೇಶ್ವರದ ಅತ್ತೆಯಂದಿರು, ನಡುವೆ ಕಂಬಕ್ಕೆ ಒರಗಿ ನೀಲಕ್ಕನ ಅತ್ತೆ, ಕೊರ್ಲಹಳ್ಳಿಯ ಮುದುಕಿ ಬಸವ್ವಾಯಿ. ನಾನು ಒಂದು ಸಣ್ಣ ಪ್ರಸ್ತಾವನೆ ಮಾಡಿ, ಗಂಟು ಬಿಚ್ಚಿ, ಮೊದಲ ಸೀರೆಯನ್ನು ಝಾಡಿಸಿ ಹರಡಿದೆ.

ಅಂಚಿನ ತುಂಬ ಸಾಲಾಗಿ ಕೂತಿದ್ದವು. ನೆಟ್ಟಗಿನ ಚುಂಚು. ಮೋಟು ಬಾಲ. ಬಣ್ಣ ಮಾತ್ರ ಹಸಿರು. ಹಸಿರು ಕಾಗೆಗಳು!

ಎರಡನೆಯ ಸೀರೆ ಹರಡಿದೆ. ಕಾಗೆ. ಮೂರನೆಯದು. ಅದೇ ಕಾಗೆಯ ಅಕ್ಕತಂಗಿಯರು.

ಬಸವ್ವಾಯಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. "ತಮ್ಮಾ, ಇದು ಮದುವಿ ಆಯೇರಿನೋ, ಹಿರ್ಯಾರಿಗೆ ಎಡಿ ಇಡೂ ಹಬ್ಬಾನೋ? ಕಾಗಿ ಎಲ್ಲಾ ಈಗಽ ಬಂದು ಕುಂತಾವಲ್ಲ!"

ಪಡಸಾಲೆ ಗೊಳ್ಳೆಂದಿತು. ಗಿರಿಜಾ ನಗಲಿಲ್ಲ. ಅವಳ ಕಣ್ಣು ತುಂಬಿದ್ದು ಕಂಡಿತು. ಆಗ ಮಾತ್ರ ನನಗೆ ಹಾಸ್ಯವೆಲ್ಲ ಇಳಿದುಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸುಮ್ಮನೆ ಸೀರೆಯ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು. ನಾಚಿಕೆಯಾಗಿ ನನ್ನ ಕಿವಿ ಕಾದವು.

ಇಮಾಮಸಾಬನಿಗೆ ಫೋನು ಹಚ್ಚಿ ಕೂಗಾಡಿದೆ. "ಗಿಳಿ ಹೋಗಿ ಕಾಗಿ ಬಂದಾವ, ನೀವು ಭಾರಿ ಬಂದೈತಿ ಅಂದ್ರೆಲ್ಲ?"

"ಹಕ್ಕಿ ಭಾರಿ ಬಂದೈತಿ ಅಂದಿದ್ನಿರಿ. ಗಿಳಿ ಅಂದೇನೇನು? ಮಾಸ್ತರ್ರು ಕಲತವರು, ಕಾಗಿ ಹಾಕ್ಯಾರಂದ್ರ ಏನರ ಕಾರಣ ಇರತೈತಿ ಅಂತ ಸುಮ್ನಾದ್ನಿ. ನಾ ನಿಮ್ ಕಾಗಿಗೆ ಒಂದೂ ಎಳಿ ತಪ್ಪಿಸಿಲ್ರಿ!"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಫೋನು ಇಟ್ಟ ಮೇಲೆ ಗಿರಿಜಾ ನಿಧಾನವಾಗಿ ಕೇಳಿದಳು: "ನಾ ತಿದ್ದಿದ್ದು ಎಲ್ಲಿ ಹೋತು?"

"ಸರ್ವರನ್ಯಾಗ ಐತಿ."

"ಮಗ್ಗಕ್ಕ ಯಾಕ ಹೋಗಲಿಲ್ಲ?"

"ನೀ ತಿದ್ದೂದಕ್ಕಿಂತ ಮೊದಲಽ ಫೈಲ್ ಮಾಡಿದ್ನಿ. ಆಮ್ಯಾಲಿಂದು ಸರ್ವರಿಂದ ಹೋಗಬೇಕಿತ್ತು. ಆ ಬಾಗಲಾ... ನಾನಽ ಮುಚ್ಚಿದ್ನಿ."

"ಯಾಕ?"

"ಲೋಡ್ ಸೊನ್ನಿ ಆಗಲಿ ಅಂತ."

ಗಿರಿಜಾ ಕಣ್ಣೊರೆಸಿಕೊಂಡು ಎದ್ದು ನಿಂತಳು. "ಹಂಗಂದ್ರ ಮಂದಿಗೆಲ್ಲ ಒಣಾ ರೊಟ್ಟಿ ಕೊಟ್ಟು, ಪಲ್ಯದ ಒಲಿ ಆರಿಸಿ, ಸೌದಿ ಉಳೀತು ಅಂತ ಕುಣದೀರಿ!"

ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಇಂದಿಗೂ ಓದಿಲ್ಲ.

ಹೊಸದಾಗಿ ನೇಯಲು ಸಮಯ ಇರಲಿಲ್ಲ. ಗಿರಿಜಾ ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೆಂಪು ದಾರ ತರಿಸಿ, ಪಡಸಾಲೆಯ ಹೆಂಗಸರನ್ನೆಲ್ಲ ಕಸೂತಿಗೆ ಕೂಡಿಸಿದಳು. ಪ್ರತಿ ಕಾಗೆಗೂ ಕೆಂಪು ಬಾಗಿದ ಚುಂಚು, ಕೊರಳಿಗೆ ಸರ. ಬೈದು, ನಕ್ಕು, ಹಾಡು ಹೇಳಿ ಹೊಲಿದರು. ನನಗೆ ಸೂಜಿಗೆ ದಾರ ಪೋಣಿಸುವ ಕೆಲಸ. ಕನ್ನಡಕ ಹಾಕಿಕೊಂಡೂ ಅದರಲ್ಲಿ ಹಿಂದೆ ಬಿದ್ದು, ಬಸವ್ವಾಯಿಯಿಂದ ಬೈಸಿಕೊಂಡೆ.

"ಹಳೇ ರೊಟ್ಟಿ ಮ್ಯಾಲ ಹೊಸಾ ಪಲ್ಯಾ ಹಾಕಾಕತ್ತೀವಿ, ಜಲ್ದಿ ಜಲ್ದಿ ಪೋಣಸ್ರಿ!" ಎಂದು ಗಿರಿಜಾ ನನ್ನತ್ತ ನೋಡದೆ ಹೇಳಿದಳು. ಸ್ವಲ್ಪ ನಕ್ಕಳು ಕೂಡ. ಬದುಕಿದೆ ಎಂದುಕೊಂಡೆ.

ಮದುವೆಯ ಹೊತ್ತಿಗೆ ಸೆರಗಿನ ಅಂಚು ಮಾತ್ರ ಮುಗಿಯಿತು. ಒಳಗಿನ ನೆರಿಗೆಯವರೆಗೆ ಯಾರ ಕೈಯೂ ತಲುಪಲಿಲ್ಲ. ಹೀಗಾಗಿ ಮದುವೆಮನೆಯಲ್ಲಿ ಬೀಗಿತ್ತಿಯರು ನಿಂತಾಗ ಹೆಗಲ ಮೇಲೆ ಗಿಳಿ, ನಡೆದಾಗ ಕಾಲ ಹತ್ತಿರ ಕಾಗೆ. ಆದರೂ ಯಾರೂ ಆಯೇರಿ ಮರಳಿಸಲಿಲ್ಲ. ಕಸೂತಿ ಯಾರದು ಎಂದು ಕೇಳಿ ಕೇಳಿ ಗಿರಿಜಾಳನ್ನು ಹೊಗಳಿದರು. ತವರಿನಲ್ಲಿ ಅವಳ ಮಾತು ಉಳಿಯಿತು. ಉಳಿಸಿದವಳು ಅವಳೇ.

ನಾನು ಅದೇ ದಿನ ಫೋನಿನಿಂದಲೇ ಸರ್ವರಿನ ಬಾಗಿಲು ತೆರೆದು, ಮನಸ್ಸು ಹಗುರ ಮಾಡಿಕೊಂಡು ಊಟದ ಪಂಕ್ತಿಯಲ್ಲಿ ಕೂತೆ. ಬಾಳೆಎಲೆಯ ಮೇಲೆ ಖಡಕ್ ರೊಟ್ಟಿ ಬಿತ್ತು. ಹಿಂದೆಯೇ ಬದನೆಕಾಯಿ ಎಣ್ಣೆಗಾಯಿಯ ಬಕೆಟ್ ಬಂತು. ಘಮ ಎಂದರೆ ಘಮ! ನಾನು ಎಲೆಯನ್ನು ಸರಿಮಾಡಿಕೊಂಡು ಕಾದೆ.

ಅಷ್ಟರಲ್ಲಿ ಪಂಕ್ತಿಯ ಮೇಲುಸ್ತುವಾರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಬಸವ್ವಾಯಿಯ ದನಿ ಕೇಳಿತು.

"ಏ, ಆ ಬೆಟಗೇರಿ ಮಾಸ್ತರಗ ಪಲ್ಯಾ ನೀಡಬ್ಯಾಡ್ರಿ! ಬರೇ ರೊಟ್ಟಿ ಸಾಕು. ಪಲ್ಯಾ ನೀಡಿದ್ರ ಲೋಡ್ ಆಗತೈತಂತ!"

ಇಡೀ ಪಂಕ್ತಿ ನಕ್ಕಿತು. ಎಣ್ಣೆಗಾಯಿಯ ಬಕೆಟ್ ನನ್ನನ್ನು ದಾಟಿಕೊಂಡು ಮುಂದೆ ಹೋಯಿತು. ಎದುರು ಸಾಲಿನಲ್ಲಿ ನೀರು ಕೊಡುತ್ತಿದ್ದ ಗಿರಿಜಾಳ ಕಡೆ ದೀನನಾಗಿ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೇರೆ ಕಡೆ ತಿರುಗಿದಳು. ತಿರುಗುವಾಗ ಅವಳ ನೆರಿಗೆಯಿಂದ ಒಂದು ಹಸಿರು ಕಾಗೆ ನನ್ನನ್ನೇ ನೋಡಿತು.

ನಾನು ತಲೆ ತಗ್ಗಿಸಿ ಒಣ ರೊಟ್ಟಿ ಮುರಿದೆ. ಎಲೆಯ ಮೇಲೆ ಲೋಡ್ ಸೊನ್ನೆ.