ಮುದಿ ಕೈದಿಗೆ ಹಿಂದಿ ದನಿ ಕೊಟ್ಟ ಮಹನೀಯರಿಗೆ

ಮಾನ್ಯರೇ,

ಮೂರನೇ ತರಗತಿಗೇ ಶಾಲೆ ಬಿಟ್ಟ ಮುದುಕಿಯ ಅನಂತ ನಮಸ್ಕಾರಗಳು. ಹಳೆಯ ಇಂಗ್ಲಿಷ್ ಜೈಲು ಸಿನಿಮಾದಲ್ಲಿ ಬೀಗಗಳಿಗೆ ಎಣ್ಣೆ ಹಾಕುತ್ತಾ ಕೂರುವ ಮುದಿ ಕೈದಿಗೆ ಹಿಂದಿಯಲ್ಲಿ ಮಾತು ಕೊಟ್ಟವರು ತಾವು. ತಮ್ಮ ಹೆಸರು, ವಿಳಾಸ ಗೊತ್ತಿಲ್ಲದ್ದರಿಂದ ಊರೆಲ್ಲ ಓದುವಂತೆ ಪತ್ರಿಕೆಯಲ್ಲೇ ದೂರು ಕೊಡುತ್ತಿದ್ದೇನೆ, ಕ್ಷಮೆಯಿರಲಿ.

ಕಣ್ಣು ಕಾಣದ ನನ್ನ ತಂಗಿ ಆರು ವರ್ಷಗಳಿಂದ ನನ್ನ ಜೊತೆಗಿದ್ದಾಳೆ. ಟೀವಿಯಲ್ಲಿ ಆ ಸಿನಿಮಾ ಬಂದಾಗಲೆಲ್ಲ ನಾನು ನೋಡುತ್ತೇನೆ, ಅವಳು ಕೇಳುತ್ತಾಳೆ, ನಡುನಡುವೆ ನಾನು ಕಥೆ ಹೇಳುತ್ತೇನೆ. ಹಿಂದಿಯಲ್ಲಿ ನನಗೆ ಬರುವುದು ಪಾನಿ, ಚಲೋ ಎರಡೇ ಆದರೂ ಅದರಿಂದ ನನಗೆಂದೂ ಅಡಚಣೆಯಾಗಿಲ್ಲ. ತಾವಾದರೋ ಉಪ್ಪು ಕೇಳುವುದನ್ನೂ ಗಲ್ಲುಶಿಕ್ಷೆ ಓದಿದ ಹಾಗೆ ಗುಡುಗುತ್ತಿದ್ದಿರಿ. ಕೈದಿ ಬಾಯಿ ಮುಚ್ಚಿದ ಮೇಲೂ ತಮ್ಮ ಮಾತು ಮುಗಿಯುತ್ತಿರಲಿಲ್ಲ. ಅಂಥ ಗಂಟಲಿನವನು ತಪ್ಪು ಮಾಡಿರಲಾರ ಎಂದು ನಾನೇ ತೀರ್ಪು ಕೊಟ್ಟು, ಅಣ್ಣ ಮಾಡಿದ ಕೊಲೆಯನ್ನು ಇವನು ತನ್ನ ತಲೆಯ ಮೇಲೆ ಹಾಕಿಕೊಂಡಿದ್ದಾನೆ ಎಂದು ತಂಗಿಗೆ ಹೇಳಿದ್ದೆ. ಪ್ರತಿ ಸಲವೂ ಅವಳು ಲೊಚಗುಟ್ಟುತ್ತಿದ್ದಳು.

ಹೋದ ವಾರ ಮೊಮ್ಮಗಳು ಬಂದವಳೇ, ಅಸಲಿ ಸಿನಿಮಾ ನೋಡಿ ಎಂದು ಇಂಗ್ಲಿಷಿಗೆ ತಿರುಗಿಸಿದಳು. ಕೈದಿ ಶೀತವಾದವನ ಹಾಗೆ ಗೊಣಗಿದ. "ಅಕ್ಕ, ನಮ್ಮವನೆಲ್ಲಿ ಹೋದ?" ಎಂದು ತಂಗಿ ಗಾಬರಿಯಾದಳು. ಮುಖ ಅದೇ ಇದೆ ಎಂದರೆ ಅವಳಿಗೇನು ಬಂತು? ಅವಳ ಪಾಲಿಗೆ ಆ ಮನುಷ್ಯ ತಾವೇ. ಸಾಲದ್ದಕ್ಕೆ ಮೊಮ್ಮಗಳು ಒಂದೊಂದೇ ಮಾತಿನ ಅರ್ಥ ಬಿಡಿಸಿ ಹೇಳತೊಡಗಿದಳು. ಕೊಲೆ ಅವನೇ ಮಾಡಿದ್ದಂತೆ, ಅದೂ ಕುಡಿದು. ನಾನು ಅಣ್ಣ ಎಂದು ಸಾರಿದ್ದವನು ಜೈಲಿನ ಅಡುಗೆಯವನಂತೆ!

ಉಡುವ ಬಟ್ಟೆಯ ಬಣ್ಣದಿಂದ ನುಂಗುವ ಮಾತ್ರೆಯವರೆಗೆ ನನ್ನ ಮಾತನ್ನೇ ನಂಬಿಕೊಂಡಿರುವವಳು ಇನ್ನು ನಂಬುತ್ತಾಳೆಯೇ ಎಂದು ಹೆದರಿ ಅವಳ ಮುಖ ನೋಡಿದೆ. ಅವಳು ಮಾತ್ರ ನಕ್ಕಳು. "ಗಂಡನ ಜೊತೆ ಗಿರಣಿ ಕ್ವಾರ್ಟರ್ಸಲ್ಲಿ ಹಿಂದಿಯವರ ನಡುವೆ ಇದ್ದಾಗ್ಲೇ ಹಿಂದಿ ಕಲ್ತಿದ್ದೆ ಅಕ್ಕ. ಅವನಿಗೆ ಅಣ್ಣ ಇಲ್ಲ ಅಂತ ಮೊದಲ ದಿನಾನೇ ಗೊತ್ತಾಯ್ತು. ನಿನ್ನ ಕಥೆನೇ ಚೆನ್ನಾಗಿತ್ತು, ಸುಮ್ಮನಿದ್ದೆ."

ಆದ್ದರಿಂದ ಮಹನೀಯರೇ, ಆರು ವರ್ಷ ನನ್ನನ್ನು ಸುಳ್ಳಿಗೆ ಹುರಿದುಂಬಿಸಿದ ಆ ಗಂಟಲಿನಿಂದಲೇ ಇಡೀ ಸಿನಿಮಾವನ್ನು ಇನ್ನೊಮ್ಮೆ ಮಾತಾಡಿ, ಆ ಕೈದಿಗೆ ಒಬ್ಬ ಅಣ್ಣನನ್ನು ದಯಪಾಲಿಸಬೇಕು. ತುಟಿಗೆ ಮಾತು ಹೊಂದಬೇಕೆಂಬ ಚಿಂತೆ ಬೇಡ; ತಮಗೆ ಅದು ಮೊದಲೂ ಇರಲಿಲ್ಲ.

ತಮ್ಮ ವಿಶ್ವಾಸಿ,
ಸಿಕ್ಕಿಬಿದ್ದ ಅಜ್ಜಿ

ಮರೆತದ್ದು: ಈ ಪತ್ರವನ್ನು ತಂಗಿಗೆ ಓದಿ ಹೇಳಿದೆ. ಬಾಯಿ ಮುಚ್ಚಿದ ಮೇಲೂ ಮಾತು ಮುಗಿಯದ ಸಂಗತಿ ಬಂದಾಗ ತಡೆದು, "ಸಿನಿಮಾ ಮುಗಿದ ಮೇಲೂ ನೀನು ಮಾತಾಡ್ತಿದ್ದೆ, ನಾನು ಯಾರಿಗಾದ್ರೂ ಪತ್ರ ಬರೆಸಿದ್ನಾ?" ಎಂದಳು.