ಮೋಟಾರಿನ ಬಾಗಿಲಿಗೆ ಎರಡು ಟೋಪಿ

ಹಳೆಯ ಮೋಟಾರು ಸಾಕುವುದೂ ಮುಪ್ಪಾದ ಎಮ್ಮೆ ಸಾಕುವುದೂ ಒಂದೇ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಎಮ್ಮೆ ಸಗಣಿಯನ್ನಾದರೂ ಹಾಕುತ್ತದೆ. ನಾನು ಜಮಖಂಡಿ ಸಂಸ್ಥಾನದ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದ ಕಾಲದಲ್ಲಿ, ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರು ಹೊಸ ಗಾಡಿ ತಂದ ಖುಷಿಯಲ್ಲಿ ತಮ್ಮ ಹಳೆಯದನ್ನು ನನ್ನ ಕೊರಳಿಗೆ ಕಟ್ಟಿದರು. ಕಕ್ಷಿದಾರರು ಮೋಟಾರು ನೋಡಿ ನನ್ನ ಬಳಿ ಬರುತ್ತಿದ್ದರು. ಒಮ್ಮೆ ಅದರೊಳಗೆ ಕೂತವರು ಮಾತ್ರ ಬೇರೆ ವಕೀಲರನ್ನು ಹುಡುಕಿಕೊಳ್ಳುತ್ತಿದ್ದರು.

ಅದಕ್ಕೆ ಕಾರಣ ಧೂಳು. ಬಾಗಿಲ ಗಾಜು ಏರಿಳಿಯುವ ಸಂದಿನಲ್ಲಿ ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಪಟ್ಟಿಯೊಂದು ಇರುತ್ತದೆ. ಗಾಜು ಅಲುಗದಂತೆ ಹಿಡಿಯುವುದು, ಗಾಳಿ ಧೂಳು ಒಳಗೆ ನುಗ್ಗದಂತೆ ಕಾಯುವುದು ಅದರ ಕೆಲಸ. ನಮ್ಮ ಮೋಟಾರಿನ ಹಿಂದಿನ ಎರಡೂ ಬಾಗಿಲುಗಳಲ್ಲಿ ಅದು ಸವೆದು ಗುರುತು ಮಾತ್ರ ಉಳಿದಿತ್ತು. ಗಾಜಿನ ಗಡಗಡ ಸದ್ದಿಗೆ ಹೊಲದ ಎತ್ತುಗಳು ತಲೆ ಎತ್ತಿ ನೋಡುತ್ತಿದ್ದವು. ನನಗೇನು, ಧೂಳು ಜಾಡಿಸಿಕೊಂಡು ಇಳಿದರೆ ಆಯಿತು. ಆದರೆ ಅವ್ವನಿಗೆ ದಮ್ಮು. ವಾರಕ್ಕೊಮ್ಮೆ ಅವಳನ್ನು ಮುಧೋಳದ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ ಇಂಜೆಕ್ಷನ್ ಕೊಡಿಸಬೇಕಾಗಿತ್ತು. ಹೋಗಿ ಬಂದ ದಿನವೇ ಅವಳ ಉಸಿರು ಹೆಚ್ಚು ಕಟ್ಟುತ್ತಿತ್ತು. "ಹಿಂಗ ಧೂಳ ಕುಡಿಸಿಕೋಂತ ತರೂದಾದ್ರ ತರಬ್ಯಾಡ್ರಿ ವಕೀಲರ. ನಾ ಹಾಕಿದ ಔಷಧ ನಿಮ್ಮ ಮೋಟಾರ ತಗದ ಹಾಕತೈತಿ," ಎಂದು ಡಾಕ್ಟರರು ಹೇಳಿಬಿಟ್ಟರು. ಆ ದಿನ ನನಗೆ ಊಟ ಸೇರಲಿಲ್ಲ.

ಯುದ್ಧದ ಕಾಲ. ಮುಂಬೈಯಿಂದ ಹೊಸ ಪಟ್ಟಿ ತರಿಸುವುದು ಆಗದ ಮಾತು. ಕಂಬಳಿಯ ಅಂಚು ಕತ್ತರಿಸಿ ಅಂಟಿಸಿದೆ. ಅದರ ಕೂದಲು ಉದುರಿ ಅವ್ವ ಮುಧೋಳ ಮುಟ್ಟುವವರೆಗೂ ಸೀನಿದಳು. ರಬಕವಿಯ ಮಗ್ಗದವರಿಂದ ನೂಲಿನ ಚಿಂದಿ ತಂದು ತುರುಕಿದೆ. ಗಾಜು ಮೇಲೂ ಏರದೆ ಕೆಳಗೂ ಇಳಿಯದೆ ನನ್ನ ದಾವೆಗಳ ಹಾಗೆ ನಡುವೆಯೇ ನಿಂತಿತು. ಒಂದು ಸಂಜೆ ಕೋರ್ಟಿನಿಂದ ಬಂದು ಟೋಪಿಯನ್ನು ಗೂಟಕ್ಕೆ ಹಾಕುವಾಗ ನನ್ನ ಕೈ ಅಲ್ಲೇ ತಡೆಯಿತು. ಒತ್ತಿದ ಉಣ್ಣೆಯ ಕರಿ ಟೋಪಿ. ದಪ್ಪ, ಮೆತ್ತಗೆ, ಕೂದಲುದುರದ ಜಾತಿ. ಹಿಂದೆ ಮುಂದೆ ನೋಡದೆ ಕತ್ತರಿ ಹಿಡಿದೆ. ಒಂದು ಟೋಪಿ ಒಂದು ಬಾಗಿಲಿಗೆ ಸರಿಹೋಯಿತು.

ನಮ್ಮ ಕಡೆ ಆಗ ಮರ್ಯಾದಸ್ಥ ಗಂಡಸು ಬರಿತಲೆಯಲ್ಲಿ ಬೀದಿಗೆ ಬಂದರೆ ಅವನ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಹೊಸದು ಹೊಲಿಸುವವರೆಗೆ ಅಪ್ಪನ ಟೋಪಿ ಹಾಕಿಕೊಂಡರಾಯಿತು ಎಂದು ನನ್ನ ಲೆಕ್ಕ. ಅಪ್ಪ ತೀರಿಕೊಂಡು ವರ್ಷಗಳಾಗಿದ್ದರೂ ಅವ್ವ ಅದನ್ನು ಗೂಟದಿಂದ ತೆಗೆದಿರಲಿಲ್ಲ. ನಾನು ಅದಕ್ಕೆ ಕೈ ಹಾಕಿದ್ದನ್ನು ಕಂಡು, "ಅದು ನಿನ್ನ ತಲಿಗೆ ದೊಡ್ಡದಾಕ್ಕೈತಿ," ಅಂದಳು. ಸ್ವಲ್ಪ ಸುಧಾರಿಸಿಕೊಂಡು, "ನಾ ಕೂಡ್ರೂ ಕಡೀ ಬಾಗಲಕ್ಕ ಕತ್ತರಸು. ಅವ್ರು ಒಂದಿನಾನೂ ಮೋಟಾರದಾಗ ಕೂಡ್ರಲಿಲ್ಲ," ಅಂದಳು. ನನಗೆ ಕೈ ಬರಲಿಲ್ಲ. ಕೊನೆಗೆ ಅವಳೇ ಕತ್ತರಿಸಿದಳು, ನನಗಿಂತ ನೆಟ್ಟಗೆ.

ಮರುದಿನ ಅವ್ವನನ್ನು ಹಿಂದೆ ಕೂಡಿಸಿಕೊಂಡು ಮುಧೋಳಕ್ಕೆ ಬರಿತಲೆಯಲ್ಲೇ ಹೊರಟೆ. ಬಜಾರಿನಲ್ಲಿ ಎಲೆ ಅಡಿಕೆ ಅಂಗಡಿಯವನು ಎದ್ದು ನಿಂತ. ಎದುರಿಗೆ ಬಂದ ಚಕ್ಕಡಿಗಳು ದಾರಿ ಬಿಟ್ಟವು. ಮುಧೋಳ ಸಂಸ್ಥಾನದ ಗಡಿಯ ಸುಂಕದ ನಾಕಾದಲ್ಲಿ ಪ್ರತಿ ವಾರ ಸೀಟು ಎತ್ತಿಸಿ ತಪಾಸು ಮಾಡುತ್ತಿದ್ದ ಸಿಪಾಯಿ ನನ್ನ ತಲೆ ನೋಡಿದ, ಹಿಂದೆ ಕಣ್ಣು ಮುಚ್ಚಿ ಒರಗಿದ್ದ ಅವ್ವನನ್ನು ನೋಡಿದ. ಅಡ್ಡ ಹಾಕಿದ್ದ ಬೊಂಬನ್ನು ಹಗ್ಗ ಜಗ್ಗಿ ಎತ್ತಿ, ತಲೆ ತಗ್ಗಿಸಿ ನಿಂತ. ಅವ್ವ ಕಣ್ಣು ಬಿಟ್ಟು, "ಯಾಕೋ ತಮ್ಮಾ, ಇವತ್ತ ಸೀಟ ನೋಡೂದಿಲ್ಲೇನು?" ಎಂದು ಕೇಳಿದಳು. ಹಗ್ಗ ಅವನ ಕೈಯಿಂದ ಜಾರಿ ಬೊಂಬು ಮೋಟಾರಿನ ಮೂತಿಯ ಮೇಲೆ ಬಿತ್ತು. ಅವ್ವ ಮುಧೋಳದವರೆಗೂ ನೆನೆನೆನೆದು ನಕ್ಕಳು. ನಕ್ಕರೆ ಕೆಮ್ಮು ಬರುತ್ತಿದ್ದವಳಿಗೆ ಆ ದಿನ ಕೆಮ್ಮು ಬರಲಿಲ್ಲ. ಧೂಳು ಹೊರಗೇ ಇತ್ತು, ಗಾಜು ಸದ್ದಿಲ್ಲದೆ ಕೂತಿತ್ತು. ಅವಳು ಪಕ್ಕದ ಕರಿಯ ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೊಲಗಳನ್ನು ನೋಡುತ್ತಿದ್ದಳು. ಅಷ್ಟು ಸಂತೋಷ ನನಗೆ ಯಾವ ದಾವೆ ಗೆದ್ದಾಗಲೂ ಆಗಿರಲಿಲ್ಲ. ಗೆದ್ದದ್ದೂ ಕಡಿಮೆ ಅನ್ನಿ.

ಮರಳಿ ಬರುವಷ್ಟರಲ್ಲಿ ಮನೆಯ ಮುಂದೆ ಸಮಾಧಾನ ಹೇಳಲು ಜನ ಸೇರಿದ್ದರು. ಅವ್ವ ಮೋಟಾರಿನಿಂದ ಇಳಿದು ಬಂದು ಎಲ್ಲರಿಗೂ ಚಹಾ ಮಾಡಿಸಿದಳು. ಎಲೆ ಅಡಿಕೆ ಅಂಗಡಿಯವನಂತೂ ಟೋಪಿಯ ಕತೆಯನ್ನು ಬಂದ ಗಿರಾಕಿಗಳಿಗೆಲ್ಲ ಎಲೆಯ ಜೊತೆಗೆ ಕೊಟ್ಟ. ಹೊಸ ಟೋಪಿ ಹೊಲಿಸಿಕೊಂಡ ಮೇಲೂ ಊರು ನನ್ನ ತಲೆ ನೋಡಿ ನಗುವುದನ್ನು ಬಿಡಲಿಲ್ಲ.

ಆ ಪಟ್ಟಿಗಳ ಪುಣ್ಯದಿಂದ ಅವ್ವ ಮತ್ತೆ ಕೆಲವು ಚಳಿಗಾಲ ಕಂಡಳು. ಆಮೇಲೆ ಒಂದು ಬೆಳಿಗ್ಗೆ ನಾನು ಹೊಸ ಟೋಪಿಯನ್ನು ಗೂಟದಲ್ಲೇ ಬಿಟ್ಟು, ಅವಳ ಮೈಮೇಲೆ ಹೊದಿಸುವ ಬಟ್ಟೆ ತರಲು ಬಜಾರಿಗೆ ನಡೆದೆ. ಯಾರೂ ಎದ್ದು ನಿಲ್ಲಲಿಲ್ಲ, ಯಾವ ಚಕ್ಕಡಿಯೂ ದಾರಿ ಬಿಡಲಿಲ್ಲ. ಎಲೆ ಅಡಿಕೆ ಅಂಗಡಿಯವನು ದೂರದಿಂದಲೇ ನನ್ನ ತಲೆ ನೋಡಿ ನಕ್ಕ. "ಏನ್ರಿ ವಕೀಲರ, ಈ ಸಲ ಮುಂದಿನ ಬಾಗಲಕ್ಕ ಕತ್ತರಿಸಿದ್ರೇನು?" ಅಂದ.

ಮಾತು ಮಾರಿಯೇ ಹೊಟ್ಟೆ ಹೊರೆದ ವಕೀಲ ನಾನು. ಎಷ್ಟು ಹುಡುಕಿದರೂ ಬೇರೆ ಮಾತು ಸಿಗದೆ, "ಹೌದಪಾ," ಎಂದು ಹೇಳಿ ಮುಂದೆ ನಡೆದೆ.